ಹಪ್ಪಳ ಹಳ್ಳಿ ಮನೆಯಲ್ಲಿ, ಆಫೀಸು ಶಿರಸಿ ಪೇಟೆಯಲ್ಲಿ: ಬಾಡಿಗೆ ಕೋಣೆ ನಿಜಕ್ಕೂ ಬೇಕೇ?

ಓದುಗರ ಪ್ರಶ್ನೆ: ಶಿರಸಿಯಿಂದ 18 ಕಿ.ಮೀ. ಒಳಗಿನ ಹಳ್ಳಿ ನಮ್ಮದು. ಮೂರು ವರ್ಷದಿಂದ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು (ಕೋಕಂ) ಸಿರಪ್ ಮಾಡಿ ವಾಟ್ಸ್‌ಆ್ಯಪ್‌ ಮೂಲಕ ಮಾರುತ್ತಿದ್ದೇನೆ. ಸಹಾಯಕ್ಕೆ ಇಬ್ಬರು ಬರುತ್ತಾರೆ. ತಿಂಗಳಿಗೆ ಸರಾಸರಿ 60,000 ರೂಪಾಯಿ ವಹಿವಾಟು. ದುಡ್ಡು ಯಜಮಾನರ ಉಳಿತಾಯ ಖಾತೆಗೆ ಬರುತ್ತದೆ, ಅಡಿಕೆ ದುಡ್ಡೂ ಅದಕ್ಕೇ. ಮನೆ ಮಾವನವರ ಹೆಸರಿನಲ್ಲಿದೆ. ಈಗ ಗೋವಾದ ಮಡಗಾಂವಿನ ಒಂದು ಅಂಗಡಿಯವರು ಮೂರೂ ಪದಾರ್ಥ ಕಳಿಸಿ ಎನ್ನುತ್ತಿದ್ದಾರೆ. ಸಂಬಂಧಿಕರೊಬ್ಬರು, ಮನೆ ವಿಳಾಸಕ್ಕೆ ಆಹಾರದ ಲೈಸೆನ್ಸ್ ಸಿಗುವುದಿಲ್ಲ, ಜಿಎಸ್‌ಟಿ ಸಿಗುವುದಿಲ್ಲ, ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಹೆಸ್ಕಾಂನವರಿಗೆ ಗೊತ್ತಾದರೆ ಮೀಟರ್ ಕಮರ್ಷಿಯಲ್ ಆಗಿ ಗೃಹಜ್ಯೋತಿ ಹೋಗುತ್ತದೆ, ಪೇಟೆಯಲ್ಲಿ ಒಂದು ಕೋಣೆ ಹಿಡಿದು ಆಫೀಸು ಮಾಡಿ ಎಂದು ಒತ್ತಾಯಿಸುತ್ತಿದ್ದಾರೆ. ಕೋಣೆಗೆ ಬಾಡಿಗೆ 9,000, ಅಡ್ವಾನ್ಸ್ 1 ಲಕ್ಷ. ಹಿಡಿಯಲೇ? ಮಳೆಗಾಲಕ್ಕೆಂದು ಒಂದು ಕರೆಂಟಿನ ಡ್ರೈಯರ್ ತರುವ ಯೋಚನೆಯೂ ಇದೆ.

ಉತ್ತರ: ಈಗ ಹಿಡಿಯಬೇಡಿ. ನಿಮಗೆ ಹೇಳಿದ ನಾಲ್ಕು ಮಾತುಗಳಲ್ಲಿ ಮೂರು ತಪ್ಪು. ನಾಲ್ಕನೆಯದು, ಕರೆಂಟಿನದು, ಅರ್ಧ ಸರಿ. ಆ ಅರ್ಧಕ್ಕೂ ಪರಿಹಾರ ನಿಮ್ಮ ಮನೆಯಲ್ಲೇ ಇದೆ, ಪೇಟೆಯ ಕೋಣೆಯಲ್ಲಿಲ್ಲ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ಹುಟ್ಟಿಸಿದ್ದು ವಿಳಾಸವಲ್ಲ, ಹಪ್ಪಳದ ದುಡ್ಡೂ ಅಡಿಕೆ ದುಡ್ಡೂ ಒಂದೇ ಖಾತೆಗೆ ಬೀಳುತ್ತಿದೆ ಎಂಬ ಸಾಲು. ಮನೆಯಿಂದ ವ್ಯವಹಾರ ನಡೆಸಲು ಕಾನೂನು ಅಡ್ಡ ಬರುವುದಿಲ್ಲ. ಮನೆ ಎಲ್ಲಿ ಮುಗಿಯಿತು, ವ್ಯವಹಾರ ಎಲ್ಲಿ ಶುರುವಾಯಿತು ಎಂದು ತೋರಿಸುವ ಗೆರೆ ಇಲ್ಲದಿದ್ದರೆ ಮಾತ್ರ ತೊಂದರೆ. ಆ ಗೆರೆಯನ್ನು ಕೋಣೆಯಲ್ಲಿ, ಮೀಟರಿನಲ್ಲಿ, ಖಾತೆಯಲ್ಲಿ, ಫೋನಿನಲ್ಲಿ ಎಳೆಯಬೇಕು.

ಮೊದಲು ಬಾಡಿಗೆಯ ಲೆಕ್ಕ ನೋಡಿಬಿಡೋಣ. ಕೋಣೆ ಹಿಡಿದರೆ 9,000 ಬಾಡಿಗೆ ಮಾತ್ರ ಸಾಲುವುದಿಲ್ಲ. ಬಾಗಿಲು ತೆರೆದು ಕೂರಲು ಒಬ್ಬರು ಬೇಕು, ಅವರಿಗೆ ಕಡಿಮೆಯೆಂದರೂ 10,000. ಕರೆಂಟು, ಇಂಟರ್ನೆಟ್ಟು ಸೇರಿ 1,500. ಒಟ್ಟು 20,500. ಸಾಮಾನು, ಕೂಲಿ, ಪ್ಯಾಕಿಂಗ್ ಕಳೆದು ನಿಮಗೆ ನೂರಕ್ಕೆ 30 ಉಳಿಯುತ್ತದೆ ಎಂದುಕೊಂಡರೆ ಈಗಿನ ಉಳಿಕೆಯೇ 18,000. ಅಂದರೆ ಕೋಣೆಯ ಖರ್ಚನ್ನು ಸರಿದೂಗಿಸಲಿಕ್ಕೆಂದೇ ತಿಂಗಳಿಗೆ ಇನ್ನೂ 68,000 ರೂಪಾಯಿಯ ಮಾಲು ಹೆಚ್ಚಿಗೆ ಮಾರಬೇಕು. ಅಷ್ಟು ಮಾಲು ಮಾಡುವ ಜಾಗ, ಕೈಗಳು, ಒಣಗಿಸುವ ವ್ಯವಸ್ಥೆ ಯಾವುದೂ ಆ ಕೋಣೆಯಿಂದ ಬರುವುದಿಲ್ಲ. ಅಡ್ವಾನ್ಸಿನ 1 ಲಕ್ಷವನ್ನು ಮನೆಯ ಒಂದು ಕೋಣೆಗೆ ಹಾಕಿದರೆ ಅದು ಪ್ರತಿ ತಿಂಗಳೂ ದುಡಿಯುತ್ತದೆ.

ಆಹಾರ ನೋಂದಣಿಯ ಮಾತು ಇನ್ನೂ ಸ್ಪಷ್ಟ. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ನೋಂದಣಿ ಕೊಡುವುದು ಆಹಾರ ತಯಾರಾಗುವ ಜಾಗಕ್ಕೆ. ನೀವು ಶಿರಸಿಯ ಕೋಣೆಯ ವಿಳಾಸಕ್ಕೆ ಪಡೆದರೆ, ಹಳ್ಳಿ ಮನೆಯಲ್ಲಿ ಹಾಕಿದ ಉಪ್ಪಿನಕಾಯಿಗೆ ಆ ನಂಬರ್ ಅನ್ವಯಿಸುವುದೇ ಇಲ್ಲ. ಕೋಣೆಯಲ್ಲಿ ಮಾಲು ಇಟ್ಟು ಮಾರಿದರೆ ಅದಕ್ಕೆ ಇನ್ನೊಂದು ನೋಂದಣಿ ಬೇಕಾಗುತ್ತದೆ. ವರ್ಷದ ವಹಿವಾಟು 12 ಲಕ್ಷದೊಳಗಿದ್ದರೆ ಮೂಲ ನೋಂದಣಿ ಸಾಕು. ನಿಮ್ಮದು 7.2 ಲಕ್ಷ. ಶುಲ್ಕ ವರ್ಷಕ್ಕೆ 100 ರೂಪಾಯಿ. ಅದೇ ಪ್ರಾಧಿಕಾರದ ಫಾಸ್‌ಕಾಸ್ ಜಾಲತಾಣದಲ್ಲಿ ಫಾರ್ಮ್ ಎ ತುಂಬಿ, ಫೋಟೋ, ಗುರುತಿನ ಚೀಟಿ, ವಿಳಾಸದ ದಾಖಲೆ ಹಾಕಿದರೆ 14 ಅಂಕಿಯ ನಂಬರ್ ಬರುತ್ತದೆ. ಅವಧಿ ಆರಿಸಿಕೊಳ್ಳಲು ಕೇಳಿದರೆ ಐದು ವರ್ಷಕ್ಕೆ ಒಟ್ಟಿಗೇ ಮಾಡಿಸಿಕೊಳ್ಳಿ. ವರ್ಷವರ್ಷ ನವೀಕರಿಸುವವರು ಒಂದು ಸಲ ಮರೆಯುತ್ತಾರೆ, ಮರೆತಾಗಲೇ ದೊಡ್ಡ ಗಿರಾಕಿ ಬಂದು ನಂಬರ್ ಕೇಳುತ್ತಾರೆ. ಮೂರು ವರ್ಷದಿಂದ ನೀವು ನೋಂದಣಿಯಿಲ್ಲದೆ ನಡೆಸುತ್ತಿದ್ದರೆ ಮೊದಲು ಆಗಬೇಕಾದ ಕೆಲಸ ಇದೇ. ಈ ವಾರವೇ ಮಾಡಿ.

ನೋಂದಣಿ ಸುಲಭವಾಗಿ ಸಿಗುತ್ತದೆಂದು ಹೇಗೆ ಬೇಕಾದರೂ ಮಾಡಬಹುದು ಎಂದುಕೊಳ್ಳಬೇಡಿ. ಅಧಿಕಾರಿ ಯಾವತ್ತೂ ಮನೆಗೆ ಬರಬಹುದು. ಅವರು ನೋಡುವುದು ನೀರು, ನೆಲ, ಗೋಡೆ, ಕೀಟ, ಪ್ರಾಣಿ, ಕೆಲಸದವರ ಆರೋಗ್ಯ. ನಮ್ಮ ಕಡೆಯ ಮನೆಗಳಲ್ಲಿ ಅಡುಗೆಮನೆಯಿಂದ ಬಚ್ಚಲು, ಬಚ್ಚಲಿನಿಂದ ಕೊಟ್ಟಿಗೆಗೆ ಒಂದೇ ಓಣಿ ಇರುತ್ತದೆ. ಅದು ಆಗದು. ಜಗಲಿಯ ಒಂದು ತುದಿಯೋ ಹೊರಗಡೆ ಬಾಗಿಲಿರುವ ಉಗ್ರಾಣವೋ ಇದ್ದರೆ ಅದನ್ನು ಇದಕ್ಕೆಂದೇ ಬಿಟ್ಟುಕೊಡಿ. 10 ಅಡಿ, 12 ಅಡಿ ಸಾಕು. ನೆಲಕ್ಕೆ ಜಾರದ ಟೈಲ್ಸ್, ಗೋಡೆಗೆ ನಾಲ್ಕೈದು ಅಡಿಯವರೆಗೆ ತೊಳೆಯಬಹುದಾದ ಹೊದಿಕೆ, ಕಿಟಕಿಗೆ ಸಣ್ಣ ಕಣ್ಣಿನ ಬಲೆ, ಕೈ ತೊಳೆಯಲು ಪ್ರತ್ಯೇಕ ನಲ್ಲಿ. ಬಾವಿ ನೀರಾದರೆ ಕೋಲಿಫಾರಂ (ನೀರಿಗೆ ಕೊಳಕು ಬೆರೆತದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆಯ ವರದಿ ಕಡತದಲ್ಲಿರಲಿ. ಮೊದಲ ಮಳೆ ಬಿದ್ದ ಮೇಲೆ ಬಾವಿ ಕದಡುತ್ತದೆ, ಮಾರ್ಚ್ ತಿಂಗಳ ವರದಿ ಜೂನ್ ತಿಂಗಳ ನೀರಿಗೆ ಸಾಕ್ಷಿಯಾಗದು. ಹಾಗಾಗಿ ಮಳೆ ಶುರುವಾದ ಮೇಲೊಮ್ಮೆ ಪರೀಕ್ಷೆ ಮಾಡಿಸಿ. ಸಹಾಯಕ್ಕೆ ಬರುವ ಇಬ್ಬರದೂ ವೈದ್ಯಕೀಯ ಪ್ರಮಾಣಪತ್ರ ವರ್ಷಕ್ಕೊಮ್ಮೆ ಆಗಲಿ. ಬೆಕ್ಕಿಗೆ ಆ ಕೋಣೆಯ ಬಾಗಿಲು ತೆರೆಯಬಾರದು, ಅದು ಎಷ್ಟೇ ಮುದ್ದಿನದಾಗಿರಲಿ.

ಜಿಎಸ್‌ಟಿ: ವಿಳಾಸಕ್ಕಿಂತ ಪದಾರ್ಥ ಮುಖ್ಯ

ಮನೆ ವಿಳಾಸಕ್ಕೆ ಜಿಎಸ್‌ಟಿ ಸಿಗುವುದಿಲ್ಲ ಎಂಬುದು ಬಹಳ ಹಳೆಯ ತಪ್ಪು ತಿಳಿವಳಿಕೆ. ಸ್ವಂತ ಮನೆಯಾದರೆ ಕರೆಂಟ್ ಬಿಲ್ಲೋ ಪಂಚಾಯತಿ ತೆರಿಗೆ ರಸೀದಿಯೋ, ಯಾವುದಾದರೂ ಒಂದು ಸಾಕು. ಮನೆ ಮಾವನವರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರ, ಅವರ ಗುರುತಿನ ದಾಖಲೆ, ಜೊತೆಗೆ ಆ ಬಿಲ್ಲು. ಅಧಿಕಾರಿಗಳು ಪಟ್ಟಿಯಲ್ಲಿಲ್ಲದ ಹೆಚ್ಚುವರಿ ಕಾಗದ ಕೇಳಬಾರದು ಎಂದು 2025ರ ಏಪ್ರಿಲ್‌ನಲ್ಲಿ ಕೇಂದ್ರದ ಸೂಚನೆಯೂ ಬಂದಿದೆ. ನೋಂದಣಿಯಾದ ಮೇಲೆ ಪ್ರಮಾಣಪತ್ರವನ್ನು ಕೆಲಸದ ಜಾಗದಲ್ಲಿ ತೂಗುಹಾಕಿ, ಬಾಗಿಲ ಬಳಿಯ ಫಲಕದಲ್ಲಿ ಜಿಎಸ್‌ಟಿ ನಂಬರ್ ಬರೆಸಬೇಕು. ಹಳ್ಳಿ ಮನೆಗೆ ಬೋರ್ಡ್ ಯಾಕೆ ಎಂದು ಬಿಟ್ಟವರಿಗೆ ಪರಿಶೀಲನೆಗೆ ಬಂದಾಗ ತೊಡಕಾಗುತ್ತದೆ.

ಆದರೆ ನಿಮಗೆ ನೋಂದಣಿ ಬೇಕೇ ಎಂಬುದು ಬೇರೆ ಪ್ರಶ್ನೆ. ಇದಕ್ಕೆ ಮೂರು ಪದಾರ್ಥಗಳಿಗೂ ಒಂದೇ ಉತ್ತರವಿಲ್ಲ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಕಡ್ಡಾಯವಲ್ಲ. ಬೆಂಗಳೂರು, ಹುಬ್ಬಳ್ಳಿ, ಮೈಸೂರಿಗೆ ಎಷ್ಟು ಪಾರ್ಸೆಲ್ ಕಳಿಸಿದರೂ ನೀವು ಆ ಮಿತಿಯೊಳಗೇ ಇದ್ದೀರಿ. ಗೋವಾ ಹಾಗಲ್ಲ. ಕಾರವಾರದಿಂದ ಕೂಗಳತೆಯಲ್ಲಿದ್ದರೂ ಅದು ಹೊರರಾಜ್ಯ. ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ, ಅಲ್ಲಿ 40 ಲಕ್ಷದ ಮಾತೇ ಬರುವುದಿಲ್ಲ. ಉಪ್ಪಿನಕಾಯಿಗೆ ತೆರಿಗೆ ಇದೆ, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 12ರಿಂದ 5ಕ್ಕೆ ಇಳಿದಿದೆ. ಸಿರಪ್ಪಿಗೂ ತೆರಿಗೆ ಇದೆ. ಹಪ್ಪಳಕ್ಕೆ ಇಲ್ಲ. ಯಾವ ಹೆಸರಿನ ಹಪ್ಪಳವಾದರೂ, ತಟ್ಟೆಗೆ ಬಡಿಸದೆ ಹಾಗೇ ಮಾರುವವರೆಗೆ, ಪೂರ್ತಿ ವಿನಾಯಿತಿ.

ಹೀಗಾಗಿ ಮಡಗಾಂವಿನ ಅಂಗಡಿಗೆ ನೀವು ಹಲಸಿನ ಹಪ್ಪಳವನ್ನು ನಾಳೆಯೇ ಕಳಿಸಬಹುದು, ಜಿಎಸ್‌ಟಿ ನಂಬರ್ ಇಲ್ಲದೆ. ಬಿಲ್ಲಿನಲ್ಲಿ ತೆರಿಗೆಯ ಕಲಂ ಹಾಕಬೇಡಿ. ಉಪ್ಪಿನಕಾಯಿ, ಸಿರಪ್ ಕಳಿಸಬೇಕಾದರೆ ಮೊದಲು ನೋಂದಣಿ. ವಹಿವಾಟಿನ ಶೇ. 1ನ್ನು ತೆರಿಗೆಯಾಗಿ ಕಟ್ಟಿ ಮುಗಿಸುವ ಕಾಂಪೊಸಿಷನ್ ಯೋಜನೆ ಸರಳವಾಗಿದೆ ಎಂದು ಯಾರಾದರೂ ಹೇಳಿಯಾರು. ಅದರಲ್ಲಿದ್ದವರು ಹೊರರಾಜ್ಯಕ್ಕೆ ಮಾರುವಂತಿಲ್ಲ, ನಿಮ್ಮ ಉದ್ದೇಶಕ್ಕೆ ಅದು ಬಾರದು. ಸಾಮಾನ್ಯ ನೋಂದಣಿ ಪಡೆದರೆ ಮಾರಾಟ ಇಲ್ಲದ ತಿಂಗಳಲ್ಲೂ ರಿಟರ್ನ್ ಸಲ್ಲಿಸಬೇಕು. ತಡವಾದರೆ ದಿನಕ್ಕೆ 50 ರೂಪಾಯಿ, ಏನೂ ವಹಿವಾಟಿಲ್ಲದ ರಿಟರ್ನಿಗೂ ದಿನಕ್ಕೆ 20. ಲೆಕ್ಕ ಬರೆಯುವವರಿಗೆ ಕೊಡುವ ದುಡ್ಡೂ ಸೇರಿಸಿ ನೋಡಿ. ಗೋವಾದ ಅಂಗಡಿ ತಿಂಗಳಿಗೆ ನಾಲ್ಕೈದು ಸಾವಿರದ ಉಪ್ಪಿನಕಾಯಿ ಮಾತ್ರ ಕೊಳ್ಳುವುದಾದರೆ ಈ ಗಂಟು ಹಾಕಿಕೊಳ್ಳುವುದು ಬೇಡ. ಅವರು ನಿಯಮಿತವಾಗಿ ಹದಿನೈದು, ಇಪ್ಪತ್ತು ಸಾವಿರದ ಮಾಲು ಎತ್ತುತ್ತಾರೆ, ದುಡ್ಡು ಸಮಯಕ್ಕೆ ಕೊಡುತ್ತಾರೆ ಎಂದು ಹಪ್ಪಳದ ವ್ಯವಹಾರದಲ್ಲಿ ಖಾತ್ರಿಯಾದ ಮೇಲೆ ನೋಂದಣಿಗೆ ಹೋಗಿ.

ಇನ್ನೊಂದು ಎಚ್ಚರ. ಮನೆಯಲ್ಲಿ ಹೋಂಸ್ಟೇಯೂ ಇದ್ದು, ಅದೂ ನಿಮ್ಮ ಹೆಸರಿನಲ್ಲೇ ನಡೆದರೆ, ಅದು ಸೇವೆ. ಆಗ ಮಿತಿ 40 ಲಕ್ಷದಿಂದ 20ಕ್ಕೆ ಇಳಿಯುತ್ತದೆ, ಎರಡರ ವಹಿವಾಟನ್ನೂ ಕೂಡಿಸಿ ನೋಡುತ್ತಾರೆ, ತೆರಿಗೆ ಇಲ್ಲದ ಹಪ್ಪಳವೂ ಆ ಮೊತ್ತಕ್ಕೆ ಸೇರುತ್ತದೆ. ಯಾಣ, ಗೋಕರ್ಣ, ಜೋಯಿಡಾ ಕಡೆಯ ಮನೆಗಳಲ್ಲಿ ಈ ಎರಡೂ ಒಟ್ಟಿಗೆ ನಡೆಯುವುದು ಹೆಚ್ಚಾದ್ದರಿಂದ ಹೇಳಿದೆ.

ಖಾತೆಯ ವಿಷಯ

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮೊತ್ತ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನಿಮಗೆ ನೆನಪಿರಬಹುದು. ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರೂ ಅದರಲ್ಲಿ ಸಿಕ್ಕಿಬಿದ್ದರು. ಸಾಲ ವಾಪಸು ಬಂದದ್ದು, ಮಗ ಕಳಿಸಿದ್ದು, ವ್ಯಾಪಾರದ್ದು ಎಲ್ಲ ಒಂದೇ ಖಾತೆಯಲ್ಲಿದ್ದವರಿಗೆ ಬಿಡಿಸಿ ತೋರಿಸುವುದೇ ದೊಡ್ಡ ಶಿಕ್ಷೆಯಾಯಿತು. ನಿಮ್ಮ ಮನೆಯಲ್ಲಿ ಸೊಸೈಟಿಯಿಂದ ಬರುವ ಅಡಿಕೆ ದುಡ್ಡು, ಹಪ್ಪಳದ ಬಿಡಿ ಜಮೆ ಎರಡೂ ಯಜಮಾನರ ಖಾತೆಗೆ ಬೀಳುತ್ತವೆ. ಅಡಿಕೆ ಅವರು ಬೆಳೆದದ್ದು, ಕೃಷಿ ಆದಾಯ. ಹಪ್ಪಳ ನಿಮ್ಮ ವ್ಯಾಪಾರ. ಇವೆರಡನ್ನು ಬೆರೆಸಿದರೆ ಅವರ ಕೃಷಿ ಆದಾಯದ ಮೇಲೂ ಪ್ರಶ್ನೆ ಏಳುತ್ತದೆ, ನಾಳೆ ಸಾಲಕ್ಕೆ ಹೋದಾಗ ನಿಮ್ಮ ಹೆಸರಿನಲ್ಲಿ ವಹಿವಾಟೇ ಕಾಣುವುದಿಲ್ಲ. ಮೂರು ವರ್ಷ ದುಡಿದೂ ಕಾಗದದಲ್ಲಿ ನೀವು ಇಲ್ಲದಂತಾಗಿದೆ. ಇದು ನನಗೆ ಬೇಸರದ ಸಂಗತಿ, ಮನೆಯಿಂದ ದುಡಿಯುವ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿಯ ಸ್ಥಿತಿ ಹೀಗೇ ಇರುತ್ತದೆ.

ಪರಿಹಾರಕ್ಕೆ ದುಡ್ಡು ಬೇಡ. ಸಣ್ಣ ಉದ್ಯಮಗಳನ್ನು ನೋಂದಾಯಿಸುವ ಕೇಂದ್ರದ ಉದ್ಯಮ್ ಜಾಲತಾಣದಲ್ಲಿ ನಿಮ್ಮ ಆಧಾರ್ ಮೇಲೆ ನೋಂದಣಿ ಮಾಡಿ, ಮನೆ ವಿಳಾಸವೇ ಸಾಕು, ಶುಲ್ಕವಿಲ್ಲ. ಸಾವಿರ, ಎರಡು ಸಾವಿರ ಕೇಳುವ ಜಾಲತಾಣಗಳು ಖಾಸಗಿಯವು, ವಿಳಾಸದ ಕೊನೆಗೆ ಸರ್ಕಾರದ ಗುರುತು (gov.in) ಇದೆಯೇ ನೋಡಿ. ಉದ್ಯಮ್ ಪತ್ರ, ಎಫ್‌ಎಸ್‌ಎಸ್‌ಎಐ ನೋಂದಣಿ ಇವೆರಡನ್ನು ಹಿಡಿದು ಬ್ಯಾಂಕಿಗೆ ಹೋದರೆ ನಿಮ್ಮ ವ್ಯಾಪಾರದ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯಬಹುದು, ಏಕಮಾಲೀಕತ್ವದ ಖಾತೆಗೆ ಇಂಥ ಎರಡು ದಾಖಲೆ ಸಾಕು, ಜಿಎಸ್‌ಟಿ ಕಡ್ಡಾಯವಲ್ಲ. ಕ್ಯೂಆರ್ ಕೋಡ್ ಆ ಖಾತೆಗೇ ಮಾಡಿಸಿ. ಮನೆ ಖರ್ಚಿಗೆ ಬೇಕಾದಾಗ ತಿಂಗಳಿಗೊಮ್ಮೆ ಒಂದು ಮೊತ್ತವನ್ನು ಉಳಿತಾಯ ಖಾತೆಗೆ ವರ್ಗಾಯಿಸಿಕೊಳ್ಳಿ, ಚಾಲ್ತಿ ಖಾತೆಯಿಂದ ನೇರವಾಗಿ ಕಿರಾಣಿ ತರಬೇಡಿ. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗಳು ವಹಿವಾಟಿನ ಶೇ. 8ನ್ನು, ಬ್ಯಾಂಕ್ ಮೂಲಕ ಬಂದ ಭಾಗಕ್ಕೆ ಶೇ. 6ನ್ನು ಲಾಭವೆಂದು ತೋರಿಸುವ ಅವಕಾಶವಿದೆ. ನಿಮಗೆ ತೆರಿಗೆ ಬರುವ ಸಂಭವ ಕಡಿಮೆ. ಆದರೂ ರಿಟರ್ನ್ ಸಲ್ಲಿಸಿ, ಬ್ಯಾಂಕು ಸಾಲಕ್ಕೆ ಮೊದಲು ಕೇಳುವುದು ಅದನ್ನೇ.

ಮೀಟರ್, ಗೃಹಜ್ಯೋತಿ, ಡ್ರೈಯರ್

ಇಲ್ಲಿ ನಿಮ್ಮ ಸಂಬಂಧಿಕರ ಮಾತು ಅರ್ಧ ಸರಿ. ರಾಜ್ಯದ ವಿದ್ಯುತ್ ದರಪಟ್ಟಿಯಲ್ಲಿ ಮನೆಯ ಒಂದು ಭಾಗದಲ್ಲಿ ನಡೆಯುವ ಕೆಲವು ವೃತ್ತಿಗಳಿಗೆ ಗೃಹಬಳಕೆಯ ದರವೇ ಅನ್ವಯಿಸುತ್ತದೆ: ಹೊಲಿಗೆ, ಕೈಮಗ್ಗ, ವಕೀಲಿ, ವೈದ್ಯರ ಸಲಹೆ, ಲೆಕ್ಕಪರಿಶೋಧನೆ, ಕಂಪ್ಯೂಟರ್ ಕೆಲಸ, ಬ್ಯೂಟಿ ಪಾರ್ಲರ್, ಚಿನ್ನದ ಕೆಲಸ, ಹೋಂಸ್ಟೇ ಅತಿಥಿಗಳು. ಈ ಕೆಲಸದವರು ಮೀಟರಿನ ಚಿಂತೆ ಬಿಡಬಹುದು. ಆಹಾರ ತಯಾರಿಕೆ ಆ ಪಟ್ಟಿಯಲ್ಲಿಲ್ಲ. ಕೈಯಲ್ಲಿ ಲಟ್ಟಿಸಿ, ಬಿಸಿಲಿಗೆ ಒಣಗಿಸುವವರೆಗೆ ನಿಮ್ಮ ಬಳಕೆ ಮನೆಯ ಬಳಕೆಗಿಂತ ಬೇರೆಯಾಗಿ ಕಾಣುವುದೂ ಇಲ್ಲ. ಡ್ರೈಯರ್ ಬಂದ ದಿನ ಎಲ್ಲ ಬದಲಾಗುತ್ತದೆ.

ಲೆಕ್ಕ ಹಾಕಿ: 2 ಕಿಲೋವ್ಯಾಟಿನ ಡ್ರೈಯರ್ ದಿನಕ್ಕೆ 8 ಗಂಟೆ ಓಡಿದರೆ 16 ಯೂನಿಟ್. ಹದಿಮೂರನೆಯ ದಿನಕ್ಕೆ 200 ಯೂನಿಟ್ ದಾಟುತ್ತದೆ, ಮನೆಯ ಫ್ರಿಜ್ಜು, ಪಂಪು ಬೇರೆ. ಗೃಹಜ್ಯೋತಿಯಲ್ಲಿ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಹಣಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಗೃಹಬಳಕೆಯ ಸಂಪರ್ಕವನ್ನು ವ್ಯಾಪಾರಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಅನಧಿಕೃತ ಬಳಕೆಯಾಗುತ್ತದೆ. ಯಾವಾಗಿನಿಂದ ಬಳಸುತ್ತಿದ್ದೀರಿ ಎಂದು ತಿಳಿಯದಿದ್ದರೆ ಹಿಂದಿನ 12 ತಿಂಗಳಿಗೆ, ಎರಡು ಪಟ್ಟು ದರದಲ್ಲಿ ವಸೂಲಿ ಮಾಡಬಹುದು. ಆದ್ದರಿಂದ ಡ್ರೈಯರ್, ಗ್ರೈಂಡರ್ ಇಡುವ ಕೋಣೆಗೆ ಪ್ರತ್ಯೇಕ ವೈರಿಂಗ್ ಮಾಡಿಸಿ, ಸಣ್ಣ ಕೈಗಾರಿಕೆಯ ಎಲ್‌ಟಿ-5 ದರವರ್ಗದಡಿ ಇನ್ನೊಂದು ಆರ್‌ಆರ್ ನಂಬರಿಗೆ, ಅಂದರೆ ಪ್ರತ್ಯೇಕ ಮೀಟರಿಗೆ, ಹೆಸ್ಕಾಂಗೆ ಅರ್ಜಿ ಹಾಕಿ. ಅಂಗಡಿ, ಆಫೀಸುಗಳ ಎಲ್‌ಟಿ-3 ಕೇಳಬೇಡಿ, ನಿಮ್ಮದು ತಯಾರಿಕೆ. ಕೋಣೆಗೆ ಹೊರಬಾಗಿಲು ಇದ್ದರೆ ಅರ್ಜಿ ಸಲೀಸು. ಮನೆಯ ಹಳೇ ಮೀಟರ್ ಗೃಹಬಳಕೆಯಲ್ಲೇ ಉಳಿಯುತ್ತದೆ, ಗೃಹಜ್ಯೋತಿಯೂ.

ಡ್ರೈಯರ್ ಕೊಳ್ಳುವ ಮೊದಲು ಸಂಜೆ ಏಳು ಗಂಟೆಗೆ ಮನೆಯ ವೋಲ್ಟೇಜ್ ಅಳೆದು ನೋಡಿ. ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗಳಲ್ಲಿ 180 ವೋಲ್ಟ್ ಕಾಣುವುದು ಅಪರೂಪವಲ್ಲ. 230ಕ್ಕೆ ಮಾಡಿದ ಹೀಟರ್ 180ರಲ್ಲಿ ನೂರಕ್ಕೆ 61 ಭಾಗ ಶಾಖ ಮಾತ್ರ ಕೊಡುತ್ತದೆ. ಎಂಟು ಗಂಟೆಯ ಒಣಗಿಕೆ ಹದಿಮೂರಕ್ಕೆ ಹೋಗುತ್ತದೆ, ಅಷ್ಟರಲ್ಲಿ ಹಪ್ಪಳ ಹುಳಿ ವಾಸನೆ ಹಿಡಿದಿರುತ್ತದೆ. ಗ್ರೈಂಡರಿನ ಮೋಟಾರಿಗೆ ಇದರ ವಿರುದ್ಧ ಸಮಸ್ಯೆ: ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಕರೆಂಟ್ ಎಳೆದು ಸುಟ್ಟುಹೋಗುತ್ತದೆ. ಮಳೆಗಾಲದಲ್ಲಿ ಘಟ್ಟದ ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟೇ ಇರುವುದಿಲ್ಲ. ಇದನ್ನೆಲ್ಲ ನೋಡಿದರೆ ಹಲಸಿನ ಹಪ್ಪಳಕ್ಕೆ ಕರೆಂಟಿನ ಡ್ರೈಯರ್ ಮುಖ್ಯ ಆಧಾರವಾಗಬಾರದು ಎಂಬುದು ನನ್ನ ಅಭಿಪ್ರಾಯ. ಮಾರ್ಚ್‌ನಿಂದ ಮೇ ತನಕ ಬಿಸಿಲಿನಲ್ಲಿ, ಸಾಧ್ಯವಾದರೆ 200 ಮೈಕ್ರಾನ್ ಯುವಿ ಹಾಳೆ ಹೊದಿಸಿದ ಸೋಲಾರ್ ಟನಲ್ಲಿನಲ್ಲಿ, ವರ್ಷದ ಮಾಲು ಒಣಗಿಸಿಟ್ಟುಕೊಳ್ಳಿ. ಮಳೆಗಾಲದಲ್ಲಿ ಪ್ಯಾಕಿಂಗಿಗೆ ಮೊದಲು ಒಂದೆರಡು ಗಂಟೆ ಬೆಚ್ಚಗೆ ಮಾಡಿಕೊಳ್ಳುವಷ್ಟು ಸಣ್ಣ ಡ್ರೈಯರ್ ಸಾಕು. ಅಡಿಕೆ ಒಣಗಿಸುವ ಹೊಗೆ ಒಲೆಯನ್ನು ಇದಕ್ಕೆ ಬಳಸಬೇಡಿ, ಹಪ್ಪಳ ಹೊಗೆಯ ವಾಸನೆಯನ್ನು ಬಿಡುವುದೇ ಇಲ್ಲ. ಮೆತ್ತಿಯ (ಅಟ್ಟದ) ಮೇಲೆ ಅಡಿಕೆ, ಕಾಳುಮೆಣಸಿನ ಚೀಲದ ಪಕ್ಕ ಇಟ್ಟರೂ ಅಷ್ಟೇ.

ಗ್ಯಾಸಿನ ವಿಷಯ ಚಿಕ್ಕದು. 14.2 ಕಿಲೋದ ಮನೆ ಸಿಲಿಂಡರಿನಲ್ಲಿ ಮಾರಾಟದ ಸಿರಪ್ ಕುದಿಸುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರ್ ಬೇಕು.

ಮಾಲು ವಾಪಸು ಬರುವುದು ಯಾಕೆ

ಮನೆಯ ಉದ್ಯಮಗಳು ಮುಚ್ಚಿಹೋಗುವುದು ಆಫೀಸಿಲ್ಲದೆ ಅಲ್ಲ. ಜುಲೈ, ಆಗಸ್ಟಿನಲ್ಲಿ ಬೂಸ್ಟು ಹಿಡಿದ ಹಪ್ಪಳ, ಉಬ್ಬಿದ ಬಾಟಲಿ, ಸೋರಿದ ಉಪ್ಪಿನಕಾಯಿ ಒಂದಾದ ಮೇಲೊಂದು ವಾಪಸು ಬಂದಾಗ ಕೈ ಸೋಲುತ್ತದೆ. ತೆಳು ಕವರಿಗೆ ರಬ್ಬರ್ ಬ್ಯಾಂಡ್ ಹಾಕಿದ ಹಪ್ಪಳ ನಮ್ಮ ಮಳೆಯಲ್ಲಿ ಹತ್ತು ದಿನ ತಾಳುವುದೂ ಕಷ್ಟ. 12 ಮೈಕ್ರಾನ್ ಪಾಲಿಯೆಸ್ಟರ್, ಒಳಗೆ 75 ಮೈಕ್ರಾನ್ ಪಾಲಿಥೀನ್ ಇರುವ ಎರಡು ಪದರದ ಪೌಚ್ ತನ್ನಿ, 8ರಿಂದ 10 ಮಿ.ಮೀ. ಅಗಲದ ಬೆಸುಗೆ ಹಾಕಿ. ಪ್ರತಿ ನೂರಕ್ಕೆ ಎರಡು ಪೌಚನ್ನು ನೀರಿನಲ್ಲಿ ಮುಳುಗಿಸಿ ಒತ್ತಿ ನೋಡಿ, ಗುಳ್ಳೆ ಬಂದರೆ ಯಂತ್ರದ ಶಾಖ ಸರಿಪಡಿಸಿ ಆ ಸರದಿಯ (ಬ್ಯಾಚಿನ) ಪೌಚುಗಳನ್ನೆಲ್ಲ ಮತ್ತೆ ಬೆಸೆಯಿರಿ. ಕರಾವಳಿಯ ಓದುಗರು, ಕಾರವಾರ, ಅಂಕೋಲಾ, ಹೊನ್ನಾವರದವರು, ಬೆಸುಗೆ ಯಂತ್ರ ಮತ್ತು ತಕ್ಕಡಿಯನ್ನು ಕೆಲಸ ಮುಗಿದ ಕೂಡಲೇ ಮುಚ್ಚಿಡಬೇಕು, ಉಪ್ಪು ಗಾಳಿಗೆ ತಂತಿ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ಮುರುಗಲು ಸಿರಪ್ ಉಬ್ಬುವುದಕ್ಕೆ ಕಾರಣ ಸಕ್ಕರೆ ಸಾಲದಿರುವುದು. ಸಿರಪ್ ಎಂದು ಮಾರಬೇಕಾದರೆ ಕರಗಿದ ಘನಾಂಶ (ಮುಖ್ಯವಾಗಿ ಸಕ್ಕರೆ) ಕನಿಷ್ಠ ಶೇ. 65 ಇರಬೇಕು. ಕಣ್ಣಂದಾಜಿನ ಎಳೆಪಾಕ ಪ್ರತಿ ಸಲವೂ ಬೇರೆ ಬೇರೆ. ಈ ಘನಾಂಶವನ್ನು ಶೇ. 58ರಿಂದ 90ರವರೆಗೆ ಅಳೆಯುವ ಕೈ ರಿಫ್ರಾಕ್ಟೋಮೀಟರ್ ಕೊಳ್ಳಿ. 0ಯಿಂದ 32ರದ್ದು ಅಗ್ಗವೆಂದು ತಂದರೆ ಈ ಕೆಲಸಕ್ಕೆ ಬಾರದು. ಬಣ್ಣ ಉಳಿಯಬೇಕಾದರೆ ಮೆಟಾಬೈಸಲ್ಫೈಟ್ ಎಂಬ ಸಂರಕ್ಷಕ ಹಾಕಬೇಡಿ, ಅದು ಮುರುಗಲಿನ ಕೆಂಪನ್ನು ಬಿಳಿಚಿಸುತ್ತದೆ. ಸಂರಕ್ಷಕ ಬೇಕೇ ಬೇಕಿದ್ದರೆ ಸೋಡಿಯಂ ಬೆಂಜೊಯೇಟ್, ಅದೂ ಮಿತಿಯೊಳಗೆ, ಲೇಬಲ್ಲಿನಲ್ಲಿ ನಮೂದಿಸಿ. ಬಿಸಿ ಸಿರಪ್ಪನ್ನು ಸಾಮಾನ್ಯ ಪೆಟ್ ಬಾಟಲಿಗೆ ಸುರಿದರೆ ಬಾಟಲಿ ಸೊಟ್ಟಗಾಗಿ ಮುಚ್ಚಳ ಸಡಿಲವಾಗುತ್ತದೆ.

ಲೇಬಲ್ಲಿನಲ್ಲಿ ಇರಬೇಕಾದವು: ಪದಾರ್ಥದ ಹೆಸರು, ಹೆಚ್ಚಿನಿಂದ ಕಡಿಮೆಗೆ ಇಳಿಯುವ ಕ್ರಮದಲ್ಲಿ ಒಳಸಾಮಗ್ರಿ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಗ್ರಾಮಿನ ಲೆಕ್ಕದ ಬೆಲೆ, ಸರದಿ ನಂಬರ್, ತಯಾರಾದ ಮತ್ತು ಬಳಸಬಹುದಾದ ದಿನಾಂಕ, ಸಸ್ಯಾಹಾರದ ಹಸಿರು ಗುರುತು, ಎಫ್‌ಎಸ್‌ಎಸ್‌ಎಐ ನಂಬರ್, ನಿಮ್ಮ ಪೂರ್ತಿ ವಿಳಾಸ, ದೂರಿಗೆ ಫೋನ್ ಮತ್ತು ಇಮೇಲ್. ಪೊಟ್ಟಣ ಕಟ್ಟುವವರಾಗಿ ಕಾನೂನು ಮಾಪನಶಾಸ್ತ್ರ (ತೂಕ, ಅಳತೆ) ಇಲಾಖೆಯಲ್ಲಿ 500 ರೂಪಾಯಿ ಕೊಟ್ಟು ನೋಂದಾಯಿಸಿ. ತಕ್ಕಡಿಗೆ ಅದೇ ಇಲಾಖೆಯ ಮುದ್ರೆ ಬೇಕು, ಎಲೆಕ್ಟ್ರಾನಿಕ್ ತಕ್ಕಡಿಯಾದರೆ ವರ್ಷವರ್ಷ. ಆನ್‌ಲೈನಿನಲ್ಲಿ ಬರುವ ಅಡುಗೆಮನೆ ತಕ್ಕಡಿಗೆ ಈ ಮುದ್ರೆ ಇರುವುದಿಲ್ಲ. ಮುರುಗಲಿನ ಮೇಲೆ ಪಿತ್ತ ಗುಣವಾಗುತ್ತದೆ, ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದು ಅಚ್ಚು ಹಾಕಿಸಬೇಡಿ, ಆಹಾರಕ್ಕೆ ರೋಗ ವಾಸಿಮಾಡುವ ಮಾತು ಹೇಳುವಂತಿಲ್ಲ. ತಪ್ಪು ಲೇಬಲ್ಲಿಗೆ ದಂಡ 3 ಲಕ್ಷದವರೆಗೂ ಹೋಗಬಹುದು. ಅಪ್ಪೆಮಿಡಿ ಭೌಗೋಳಿಕ ಗುರುತು (ಜಿಐ) ಪಡೆದ ಹೆಸರು. ಅದರ ಲಾಂಛನ ಬೇಕಿದ್ದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡ ಮೇಲೆಯೇ ಹಾಕಿ.

ವಿಳಾಸ ಮುಚ್ಚಿಡುವಂತಿಲ್ಲವಾದ್ದರಿಂದ, ಒಂಟಿಮನೆಯಲ್ಲಿ ಇರುವವರು ವ್ಯಾಪಾರಕ್ಕೆ ಬೇರೆ ಸಿಮ್ ಇಟ್ಟುಕೊಳ್ಳಿ, ಸಂಜೆ ಆರರ ಮೇಲೆ ಆ ಫೋನ್ ಮೌನವಾಗಿರಲಿ. ಗೂಗಲ್ ನಕಾಶೆಯಲ್ಲಿ ವಿಳಾಸ ಮರೆಮಾಡಿ ಸೇವೆಯ ಪ್ರದೇಶ ಮಾತ್ರ ತೋರಿಸುವ ಅವಕಾಶವಿದೆ, ಅದನ್ನು ಬಳಸಿ. ಮಳೆಗಾಲದಲ್ಲಿ ಪಾರ್ಸೆಲ್ಲಿಗೆ ಎರಡು ದಿನದ ಮಾತು ಕೊಡಬೇಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತು, ಮೂರು ವಾರ ಕಳೆಯುತ್ತಲೇ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆಯೂ ಬಿತ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಎಂಟು ದಿನ ಎಂದು ಹೇಳಿ, ಮೊದಲೇ ತಲುಪಿದರೆ ಗಿರಾಕಿಗೆ ಸಂತೋಷ.

ಮನೆಯಲ್ಲಿ ಜಾಗ ಸಾಲದಿದ್ದರೆ

ವಹಿವಾಟು ಬೆಳೆದು ಕೋಣೆ ಇಕ್ಕಟ್ಟಾದಾಗಲೂ ಪೇಟೆಯ ಆಫೀಸಿಗಿಂತ ಮೊದಲು ಯೋಚಿಸಬೇಕಾದ್ದು ಪೇಟೆಯ ಕಪಾಟು. ಶಿರಸಿಯಲ್ಲಿ ಸಹಕಾರಿ ಸಂಘಗಳ ಮಾರಾಟ ಮಳಿಗೆಗಳಿವೆ, ಊರಿನ ಉತ್ಪನ್ನಗಳಿಗೆ ಜಾಗ ಕೊಡುತ್ತವೆ. ಕಮಿಷನ್ ಹೋದರೂ ಬಾಡಿಗೆ, ಸಂಬಳದ ಹೊರೆ ಇಲ್ಲ. ಮಾರಾಟವಾಗದ ಮಾಲು ಯಾರ ತಲೆಗೆ, ದುಡ್ಡು ಎಷ್ಟು ದಿನಕ್ಕೆ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಶೆಡ್ ಕಟ್ಟುವುದಾದರೆ ಮನೆಯ ನಿವೇಶನದೊಳಗೇ ಕಟ್ಟಿ. ಪಕ್ಕದಲ್ಲಿ ಖಾಲಿ ಬಿದ್ದಿದೆಯೆಂದು ಸೊಪ್ಪಿನ ಬೆಟ್ಟಕ್ಕೆ ಕೈ ಹಾಕಬೇಡಿ. ಬೆಟ್ಟ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲು ಕೊಟ್ಟ ಸವಲತ್ತಿನ ಜಾಗ, ನಿಮ್ಮ ಮಾಲ್ಕಿಯಲ್ಲ. ಅಲ್ಲಿ ಕಟ್ಟಡ ಎದ್ದರೆ ಅರಣ್ಯ ಪ್ರಕರಣವಾಗುತ್ತದೆ, ಅದಕ್ಕೆ ಸಾಲವೂ ಸಿಗದು, ವಿಮೆಯೂ ಇಲ್ಲ. ತೋಟದ ಜಮೀನಿನಲ್ಲಾದರೆ ಭೂಪರಿವರ್ತನೆ ಬೇಕೇ ಎಂದು ಕಂದಾಯ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ. ಯಂತ್ರ ಕೂರಿಸುವ ಮೊದಲು ಗ್ರಾಮ ಪಂಚಾಯತಿಯ ಅನುಮತಿ ತೆಗೆದುಕೊಳ್ಳಿ. ಗೃಹವಿಮೆ ಮಾಡಿಸಿದವರು ತಿಳಿದಿರಬೇಕು, ಭಾರತ್ ಗೃಹ ರಕ್ಷಾ ಪಾಲಿಸಿ ಮನೆಗೆ ಮತ್ತು ಮನೆಯ ಸಾಮಾನಿಗೆ. ಮಾರಾಟದ ದಾಸ್ತಾನು, ಡ್ರೈಯರಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಬೇರೆಯಾಗಿ ಮಾಡಿಸಬೇಕು.

ಸಾಲದ ಬಗ್ಗೆ. ಪಿಎಂಎಫ್‌ಎಂಇ, ಅಂದರೆ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ, ಮನೆಯಲ್ಲಿ ನಡೆಯುವಂಥ ಸಣ್ಣ ಆಹಾರ ಘಟಕಗಳಿಗೆಂದೇ 2020ರಲ್ಲಿ ಬಂದದ್ದು. ಕೇಂದ್ರದ ಶೇ. 35 ಸಹಾಯಧನಕ್ಕೆ ರಾಜ್ಯ ಶೇ. 15 ಸೇರಿಸಿ ಒಟ್ಟು ಶೇ. 50, ಗರಿಷ್ಠ 15 ಲಕ್ಷ. ಯೋಜನೆಯ ಅವಧಿ ಆಗಾಗ ವಿಸ್ತರಣೆಯಾಗುತ್ತ ಬಂದಿದೆ, ಸದ್ಯ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯ ಮೂಲಕ ಜಿಲ್ಲಾ ಸಂಪನ್ಮೂಲ ವ್ಯಕ್ತಿಯನ್ನು ಕೇಳಿ. ಯೋಜನಾ ವರದಿ ಬರೆಯಲು ಅವರೇ ನೆರವಾಗುತ್ತಾರೆ, ಅದಕ್ಕೆ ಮಧ್ಯವರ್ತಿಗೆ ದುಡ್ಡು ಕೊಡಬೇಕಿಲ್ಲ. ತರಬೇತಿ ಬೇಕಿದ್ದರೆ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಲ್ಲಿ (ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ) ಊಟ, ವಸತಿಯೊಂದಿಗೆ ಉಚಿತವಾಗಿ ಸಿಗುತ್ತದೆ. ಸಾಲ ತೆಗೆದು ಮಾಡುವ ಘಟಕದ ವೆಚ್ಚದಲ್ಲಿ ನಿಮ್ಮ ಕೈಯಿಂದ ಕನಿಷ್ಠ ಶೇ. 10 ಹಾಕಬೇಕು. ಸಹಾಯಧನ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲಿ ನಿಮ್ಮ ಸಾಲದ ಜೊತೆ ಬೇರೆ ಖಾತೆಯಲ್ಲಿ ಕೂತಿದ್ದು, ಮೂರು ವರ್ಷ ಕಂತು ಸರಿಯಾಗಿ ಕಟ್ಟಿದ ಮೇಲೆ ಸಾಲಕ್ಕೆ ಹೊಂದಿಕೆಯಾಗುತ್ತದೆ. ಹಾಗಾಗಿ ಆ ಮೂರು ವರ್ಷ ಪೂರ್ತಿ ಸಾಲದ ಕಂತು ಕಟ್ಟುವ ಶಕ್ತಿ ಇದೆಯೇ ಎಂದು ನೋಡಿಯೇ ಮೊತ್ತ ಕೇಳಿ. ಇದು ಸಾಲಕ್ಕೆ ಜೋಡಿಸಿದ ಸಹಾಯಧನ. ಮಂಜೂರಾಗುವ ಮೊದಲೇ ಕೈದುಡ್ಡಿನಿಂದ ಡ್ರೈಯರ್ ತಂದಿಟ್ಟರೆ ಅದರ ಬೆಲೆಗೆ ಸಹಾಯಧನ ಸಿಗುವುದಿಲ್ಲ. ಮೊದಲು ಎಫ್‌ಎಸ್‌ಎಸ್‌ಎಐ, ಉದ್ಯಮ್, ಚಾಲ್ತಿ ಖಾತೆ. ಆ ಖಾತೆಯಲ್ಲಿ ಆರು ತಿಂಗಳ ವಹಿವಾಟು ಕಾಣಲಿ. ಆಮೇಲೆ ಡ್ರೈಯರಿನ ಕೊಟೇಶನ್ ಹಿಡಿದು ಬ್ಯಾಂಕಿಗೆ ಹೋಗಿ.